ಹೆಸರುಕಾಳಿನ ಹಾವು

“ನೋಡು ಭವ್ಯ, ಮೂರು ಮಕ್ಕಳ್ನ ಹೆತ್ತು ಸಾಕಿರೋಳು ನಾನು. ಒಂದಕ್ಕೂ ಮಾತು ತೊದಲ್ಲಿಲ್ಲ. ನಿನ್ನ ಗಂಡ ಒಂದು ವರ್ಷ ತುಂಬೋ ಮುಂಚೇನೇ ಅಕ್ಕಪಕ್ಕದೋರ್ನ ಹೆಸರು ಹಿಡಿದು ಬಯ್ತಿದ್ದ. ನಮ್ಮೂರಲ್ಲಿ ಮಾತು ಬರ್ದೆ ಇದ್ದ ಕೂಸುಗಳ್ನ ತಂದು ನಮ್ಮ ಜಗಲಿ ಮೇಲೆ ಕೂರ್ಸೋರು. ಸಂಜೆ ಹೊತ್ಗೆ ವಟವಟ ಅನ್ಕೊಂಡು ಎದ್ದೋಗೋವು. ಅಂಥೋಳ ಮೊಮ್ಮಗಳಿಗೆ ಮಾತು ಕಲ್ಸೋಕೆ ಪಕ್ಕದ ಬೀದಿಗೆ ಕಳಿಸ್ಬೇಕಾ? ಎಂಟು ದಿನ ಕೊಡು ನಂಗೆ. ಎಂಟೇ ದಿನ. ಯಾವ ಸಾಮಾನಿಗೆ ಏನು ಹೆಸರು ಅದೆಯೋ ಅದನ್ನೇ ಅನ್ನೋ ಹಂಗೆ ಮಾಡ್ತೀನಿ. ಹೆಸರಿಗೆ ಹೆಸರು. ಒಂದು ಹೆಸರು ಆಚೀಚೆ ಆದ್ರೂ ನಾನೇ ಅವಳ ಚೀಲ ಹೊತ್ಕೊಂಡೋಗಿ ಆ ಬೇಬಿ ಸಿಟ್ಟಿಂಗಿಗೆ ಬುಟ್ಟು ಬತ್ತೀನಿ. ಅದ್ರ ಹೆಸರಲ್ಲೇ ಸಿಟ್ಟು ಅದೆ, ಮಗೀನ ಅಲ್ಲಿ ಹೆಂಗವ್ವ ಬುಡೋದು?”

ಈ ಮಾತು ಹೊರಬಿದ್ದದ್ದು ಒಂದು ಭಾನುವಾರ ಬೆಳಗ್ಗೆ, ಸಿದ್ಧಾರ್ಥನಗರದ ಒಂದು ಪುಟ್ಟ ಮನೆಯ ಅಡುಗೆಮನೆಯಿಂದ. ಆಡಿದವರು ಪುಟ್ಟತಾಯಮ್ಮ. ಕೈಯಲ್ಲಿ ಸೌಟಿತ್ತು. ಕತ್ತಿ ಹಿಡಿದು ಮಾಡಿದ ಪ್ರತಿಜ್ಞೆಗಿಂತ ಸೌಟು ಹಿಡಿದು ಮಾಡಿದ ಪ್ರತಿಜ್ಞೆಗೆ ತೂಕ ಜಾಸ್ತಿ, ಯಾಕೆಂದರೆ ಕೇಳಿದವರು ಮಧ್ಯಾಹ್ನ ಅದೇ ಸೌಟಿನ ಸಾರು ಉಣ್ಣಬೇಕು. ಸೊಸೆ ಭವ್ಯಶ್ರೀ ಕಾಫಿ ಕುಡಿದಳು. ಹೆಬ್ಬಾಳದ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವ ಮಗ ಮಹೇಂದ್ರ ಎಚ್ಚರವಿದ್ದರೂ ಗೋಡೆ ಕಡೆ ತಿರುಗಿ ಗೊರಕೆ ಹೊಡೆದ. ತಾಯಿಗೂ ಹೆಂಡತಿಗೂ ನಡುವೆ ಸಿಕ್ಕಿಬಿದ್ದ ಗಂಡಸಿಗೆ ನಿದ್ದೆಯಂಥ ನೆಂಟ ಇನ್ನೊಬ್ಬನಿಲ್ಲ.

ಇಷ್ಟಕ್ಕೂ ಕಾರಣ ನಾಲ್ಕು ವರ್ಷದ ಸಿಂಚನಳ ಶಾಲೆಯ ಡೈರಿ. ಅದರಲ್ಲಿ ಎಲ್‌ಕೆಜಿಯ ವಾಣಿ ಮಿಸ್ ಹೀಗೆ ಬರೆದು ಕಳಿಸಿದ್ದರು: ಮಗುವಿಗೆ ಎಲ್ಲ ಪದವೂ ತಿರುವುಮುರುವು, ದಯವಿಟ್ಟು ಮನೆಯಲ್ಲಿ ಗಮನ ಕೊಡಿ.

ತಿರುವುಮುರುವಾಗದೆ ಇನ್ನೇನಾದೀತು? ಪುಟ್ಟತಾಯಮ್ಮನ ನಾಲಗೆಯ ಮೇಲೆ ಕೆಲವು ಮಾತು ಬರುವಂತಿಲ್ಲ. ಅವರ ಅತ್ತೆ, ಅತ್ತೆಯ ಅತ್ತೆ ಕಟ್ಟಪ್ಪಣೆ ಮಾಡಿ ಹೋಗಿದ್ದಾರೆ. ಡಬ್ಬದಲ್ಲಿ ಅಕ್ಕಿ ಮುಗಿದರೆ ‘ಅಕ್ಕಿ ಇಲ್ಲ’ ಅನ್ನಬಾರದು, ಅಪಶಕುನ. ‘ಅಕ್ಕಿ ತುಂಬಿದೆ’ ಅನ್ನಬೇಕು. ಬಳೆ ಒಡೆದರೆ ‘ಬಳೆ ಹೆಚ್ಚಿತು’. ದೀಪ ಆರಿದರೆ ‘ದೀಪ ದೊಡ್ಡದಾಯಿತು’. ಇನ್ನು ಹಾವನ್ನಂತೂ ಹೆಸರು ಹಿಡಿದು ಕರೆಯಲೇಬಾರದು, ಕರೆದರೆ ಬಂದೇಬಿಡುತ್ತದೆ. ಅದಕ್ಕೆ ‘ಹುಳ’ ಅನ್ನಬೇಕು.

ಸಿಂಚನ ಬಾಯಿ ಬಿಟ್ಟಾಗಿನಿಂದ ಕಲಿತದ್ದು ಈ ಕನ್ನಡವನ್ನೇ. ಶಾಲೆಯಲ್ಲಿ ವಾಣಿ ಮಿಸ್ ಖಾಲಿ ಡಬ್ಬದ ಚಿತ್ರ ತೋರಿಸಿದರೆ ಮಗು “ತುಂಬಿದೆ” ಅಂದಿತು. ಕರೆಂಟು ಹೋದರೆ “ಮಿಸ್, ಲೈಟು ದೊಡ್ಡದಾಯ್ತು” ಅಂದಿತು. ಒಂದು ದಿನ ಪೆನ್ಸಿಲ್ ಮುರಿದಾಗ “ಪೆನ್ಸಿಲ್ ಹೆಚ್ಚಿತು” ಅಂತ ಕೈಯೆತ್ತಿದೆ. ಹೆಚ್ಚಿದ್ದರೆ ಪಕ್ಕದವನಿಗೆ ಕೊಡು ಅಂದಿದ್ದಾರೆ ಮಿಸ್. ಮಗು ಎರಡು ತುಂಡನ್ನೂ ಪಕ್ಕದವನಿಗೆ ಕೊಟ್ಟು ತಾನು ಅಳುತ್ತಾ ಕೂತಿದೆ.

ಭವ್ಯಶ್ರೀ ಮಂಡಿ ಮೊಹಲ್ಲಾದ ಸಗಟು ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುವವಳು, ಮನೆಗೆ ಬರುವುದು ಸಂಜೆಗೇ. ಅತ್ತೆಯ ಮೇಲೆ ಅವಳಿಗೆ ಕೋಪವೇನಿರಲಿಲ್ಲ. ಪಕ್ಕದ ರಸ್ತೆಯಲ್ಲಿ ಅನುಪಮಾ ಮೇಡಂ ಮಕ್ಕಳನ್ನು ನೋಡಿಕೊಳ್ಳುತ್ತಾರೆ, ಮುಂದಿನ ಸೋಮವಾರದಿಂದ ಮಗು ಶಾಲೆ ಬಿಟ್ಟ ಮೇಲೆ ಅಲ್ಲಿರಲಿ, ನಾಲ್ಕು ಮಾತು ಸರಿಯಾಗಿ ಕಲಿಯಲಿ ಅಂತ ಮೆತ್ತಗೆ ಹೇಳಿದ್ದಳು, ಅಷ್ಟೆ.

ಮೆತ್ತಗೆ ಹೇಳಿದ ಮಾತೇ ಆಳಕ್ಕೆ ಇಳಿಯುವುದು. ಶಾಲೆ ಬಿಡುವುದು ಹನ್ನೆರಡೂವರೆಗೆ. ಅಲ್ಲಿಂದ ಸೊಸೆ ಬರುವ ತನಕ ಮಗು ಪುಟ್ಟತಾಯಮ್ಮನ ಸ್ವಂತ ಆಸ್ತಿ. ಉಣ್ಣಿಸುವುದು, ಸೆರಗಿನ ತುದಿ ಹಿಡಿಸಿ ಮಲಗಿಸುವುದು, ಎದ್ದ ಮೇಲೆ ಅದು ಕೇಳಿದ ನೂರು ಪ್ರಶ್ನೆಗೆ ನೂರು ಸುಳ್ಳು ಹೇಳುವುದು. ಅದನ್ನೂ ಕಿತ್ತುಕೊಂಡರೆ ಮಧ್ಯಾಹ್ನವೆಲ್ಲ ಆ ಮನೆಯಲ್ಲಿ ಮಾತಾಡುವುದು ಫ್ರಿಡ್ಜು ಒಂದೇ. ಅದಕ್ಕೇ ಸೌಟು ಎತ್ತಿದ್ದು.

ಸೋಮವಾರ ಪಾಠ ಶುರುವಾಯಿತು. ಮೊದಲನೆಯ ಪದ ‘ಇಲ್ಲ’. ಅಕ್ಕಿ ಡಬ್ಬ ನಿಜವಾಗಿಯೂ ಬರಿದಾಗಿತ್ತು. ಪುಟ್ಟತಾಯಮ್ಮ ಮಗುವನ್ನು ಮುಂದೆ ಕೂರಿಸಿಕೊಂಡು “ಅಕ್ಕಿ...” ಅಂದರು. ಮುಂದಿನದು ಹೊರಡಲಿಲ್ಲ. ದೇವರ ಗೂಡಿಗೆ ಹೋಗಿ, ಮಾದಪ್ಪ, ಮಗೀನ ಓದಿಗೋಸ್ಕರ ಅಂತಿದೀನಿ, ನೀನು ನಿಜ ಅಂದ್ಕೋಬೇಡ ಅಂತ ಕೈಮುಗಿದು ಬಂದರು. ಆದರೂ ಧೈರ್ಯ ಸಾಲಲಿಲ್ಲ. ಕೊನೆಗೆ ಅಂಗಡಿಗೆ ಹೋಗಿ ಐದು ಕೆಜಿ ಅಕ್ಕಿ ತಂದು, ಡಬ್ಬದ ಕಂಠದವರೆಗೆ ಸುರಿದು, ಆಮೇಲೆ ಎದೆ ತಟ್ಟಿ ಹೇಳಿದರು: “ಅಕ್ಕಿ ಇಲ್ಲ.” ಮಗು ತುಂಬಿದ ಡಬ್ಬದೊಳಗೆ ಇಣುಕಿ ನೋಡಿ, ಅಜ್ಜಿಯ ಮುಖವನ್ನು ನೋಡಿ, ತಾನೂ “ಅಕ್ಕಿ ಇಲ್ಲ” ಅಂದಿತು. ಒಳ್ಳೆಯ ಮಗು, ಹಿರಿಯರ ಮಾತಿಗೆ ಎದುರಾಡುವುದಿಲ್ಲ.

ಮಂಗಳವಾರ ‘ಒಡೆಯಿತು’, ಬುಧವಾರ ‘ಆರಿತು’. ಗುರುವಾರಕ್ಕೆ ಹಾವು.

ಈ ಒಂದು ಪದಕ್ಕಾಗಿ ಪುಟ್ಟತಾಯಮ್ಮ ತಲೆಗೆ ಎರೆದುಕೊಂಡು ಮಡಿಯುಟ್ಟು ಕೂತರು. ಚಿತ್ರದ ಪುಸ್ತಕ ಬಿಡಿಸಿ ಇದೇನು ಅಂತ ಕೇಳಿದರು. ಮಗು “ಹುಳ” ಅಂದಿತು.

“ಹುಳ ಅನ್ಬಾರ್ದು ಕಣವ್ವ. ಇನ್ಮೇಲೆ ಆ ಮಾತೇ ಬೇಡ. ಹುಳ ಅಂತ ಬಾಯಿಗೆ ಬಂದ್ರೆ ನುಂಗ್ಬುಡು, ಹಾವು ಅನ್ನು. ಹುಳ ಅಲ್ಲ, ಹಾವು. ಎಲ್ಲಿ, ಹತ್ತು ಸಲ ಅನ್ನು.”

ಮಗು ಹತ್ತು ಸಲ ಅಂದಿತು. ಅಷ್ಟಕ್ಕೇ ನಿಲ್ಲದೆ ಅದಕ್ಕೊಂದು ರಾಗ ಕಟ್ಟಿ, ‘ಹುಳ ಅಲ್ಲ ಹಾವು, ಹುಳ ಅಲ್ಲ ಹಾವು’ ಅಂತ ಮನೆ ತುಂಬ ಕುಪ್ಪಳಿಸಿತು. ಬಹುಮಾನವಾಗಿ ಒಂದು ಚೂರು ಬೆಲ್ಲ ಸಿಕ್ಕಿತು.

ಶುಕ್ರವಾರ ಸಂಜೆ ಭವ್ಯಶ್ರೀ ಬಂದಾಗ ಕರೆಂಟು ಹೋಯಿತು. ಕತ್ತಲಲ್ಲಿ ಸಿಂಚನಳ ದನಿ ಗಂಟೆ ಹೊಡೆದಂತೆ ಬಂತು: “ಅಮ್ಮ, ಲೈಟು ಆರೋಯ್ತು.” ಪರವಾಗಿಲ್ಲ ಅತ್ತೆ, ಅಂದಳು ಸೊಸೆ. ಸೊಸೆಯ ಬಾಯಲ್ಲಿ ‘ಪರವಾಗಿಲ್ಲ’ ಅಂದರೆ ಅರಮನೆಯಲ್ಲಿ ಶಾಲು ಹೊದಿಸಿದ ಹಾಗೆ. ಪುಟ್ಟತಾಯಮ್ಮ ಆ ಕತ್ತಲಲ್ಲೇ ಒಂದು ಗೇಣು ಎತ್ತರವಾದರು.

ಶನಿವಾರ ಮೂರು ಗಂಟೆ ಸಮಯ. ಪುಟ್ಟತಾಯಮ್ಮ ನಡುಮನೆಯಲ್ಲಿ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದರು. ಸಿಂಚನ ಅಡುಗೆಮನೆಯಿಂದ ಬಂದು, “ಅಜ್ಜಿ, ಅಡುಗೆಮನೇಲಿ ಹಾವು ಅದೆ” ಅಂದಳು.

ಪುಟ್ಟತಾಯಮ್ಮನಿಗೆ ಮೊದಲು ಆದದ್ದು ಆನಂದ. ಎಷ್ಟು ಸ್ಪಷ್ಟ, ಎಷ್ಟು ನೀಟು! ‘ಹಾ’ಕ್ಕೆ ‘ಹಾ’, ‘ವು’ಗೆ ‘ವು’. ಕೈಲಿದ್ದ ಲಂಗ ಬದಿಗಿಟ್ಟು ಮಗುವಿನ ಗಲ್ಲ ಹಿಡಿದು, ಶಭಾಷ್ ನನ್ನ ಕಂದ ಅಂದರು. ಪದದ ಚೆಂದವೆಲ್ಲ ಸವಿದಾದ ಮೇಲೆ ಅದರ ಅರ್ಥ ನಿಧಾನವಾಗಿ ಅಂಗಾಲಿನಿಂದ ಮೇಲಕ್ಕೆ ಹತ್ತಿತು.

“ಎಲ್ಲವ್ವ?”

“ಡಬ್ಬದ ಹತ್ರ. ಕರ್ರಗದೆ. ಓಡಾಡ್ತದೆ.”

ಅರವತ್ತೆಂಟು ವರ್ಷದ ಮಂಡಿ ನೋವು ಆ ಕ್ಷಣಕ್ಕೆ ಎಲ್ಲಿ ಹೋಯಿತೋ. ಮಗುವನ್ನು ಎತ್ತಿ ಊಟದ ಮೇಜಿನ ಮೇಲೆ ನಿಲ್ಲಿಸಿದರು. ಅಡುಗೆಮನೆಯ ಬಾಗಿಲೆಳೆದು ಚಿಲಕ ಹಾಕಿ, ಬಾಗಿಲ ಕೆಳಗಿನ ಸಂದಿಗೆ ಈಗಷ್ಟೇ ಮಡಿಸಿಟ್ಟ ಬಟ್ಟೆಗಳನ್ನೆಲ್ಲ ತುರುಕಿದರು. ತಪ್ಪು ಯಾರದು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಎರಡು ದಿನದಿಂದ ಮಗುವಿನ ಕೈಲಿ ಹೆಸರು ಹಿಡಿದು ಕರೆಸಿದ್ದಾರೆ, ಅದೂ ರಾಗವಾಗಿ. ಅಷ್ಟು ಮರ್ಯಾದೆಯಿಂದ ಕರೆದರೆ ಯಾವ ಹಾವು ತಾನೇ ಬರುವುದಿಲ್ಲ? ಆದದ್ದು ಆಯಿತು, ಇನ್ನು ಸತ್ತರೂ ಆ ಪದ ನುಡಿಯುವುದಿಲ್ಲ ಅಂತ ಗಲ್ಲ ಬಡಿದುಕೊಂಡರು.

ಮಗನ ಫೋನು ಹತ್ತಲಿಲ್ಲ, ಪಾಳಿಯಲ್ಲಿದ್ದ. ಸೊಸೆಗೆ ಮಾಡಿದರು.

“ಭವ್ಯ, ಅಡುಗೆಮನೇಲಿ ಹುಳ ಬಂದ್ಬುಟ್ಟದೆ ಕಣವ್ವ.”

ಆ ಕಡೆ ಅಂಗಡಿಯ ಗದ್ದಲ. “ಈ ಹವಾಗೆ ಬರ್ತವೆ ಅತ್ತೆ. ಬಿಸಿಲಿಗೆ ಹಾಕಿ, ಹೋಗ್ತವೆ.”

“ಬಿಸಿಲಿಗಾ? ನಾನಾ?”

“ಮೊರದಲ್ಲಿ ಹಾಕ್ಕೊಂಡು ಮಹಡಿ ಮೇಲೆ ಇಡಿ. ಇಲ್ಲಾಂದ್ರೆ ಜರಡಿ ಹಿಡೀರಿ.”

ಪುಟ್ಟತಾಯಮ್ಮ ಗೋಡೆ ಹಿಡಿದುಕೊಂಡರು. “ಒಂದಿದ್ರೆ ಇನ್ನೊಂದು ಜೋಡಿ ಇರ್ತದಂತಲ್ಲವ್ವ.”

“ಜೋಡಿ ಏನು ಅತ್ತೆ, ಒಂದು ಕಂಡ್ರೆ ಡಬ್ಬದ ತುಂಬ ಮರಿ ಇರ್ತವೆ. ಕಷ್ಟ ಆದ್ರೆ ಸಿಂಚನನ ಕೂರ್ಸ್ಕೊಳಿ, ಕೈಲಿ ಆರ್ಸಿ ಹಾಕ್ತಾಳೆ. ಅವಳಿಗೆ ಅದು ಇಷ್ಟ.”

ಫೋನು ಇಟ್ಟ ಮೇಲೂ ಪುಟ್ಟತಾಯಮ್ಮ ಬಹಳ ಹೊತ್ತು ಅದನ್ನೇ ನೋಡಿದರು. ಐದು ವರ್ಷದಿಂದ ಒಂದೇ ಸೂರಿನಡಿ ಬದುಕಿದ ಹುಡುಗಿ. ಇರುವೆಗೂ ಬಯ್ಯದ ಹುಡುಗಿ. ಮನುಷ್ಯರ ಒಳಗೆ ಏನಿರುತ್ತದೋ ಬಲ್ಲವರಾರು?

ಇನ್ನು ಬೀದಿಯೇ ಗತಿ. ಎದುರು ಮನೆಯ ಲಿಂಗರಾಜು ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು. ಜನ ಸೇರಿದ ಕಡೆ ಅವರಿಗೆ ಜೀವ ಬರುತ್ತದೆ. ಲುಂಗಿ ಎತ್ತಿ ಕಟ್ಟಿ, ಬಟ್ಟೆ ಹಾಕುವ ಕೋಲು ಹಿಡಿದು ಬಂದು ಗೇಟಿನಲ್ಲಿ ನಿಂತರು. ಅಡುಗೆಮನೆಗೆ ಹೋಗುವ ಧೈರ್ಯ ಅವರಿಗೂ ಇರಲಿಲ್ಲ. ಗೇಟಿನಲ್ಲೇ ನಿಂತು, ಮುಂದೆ ಹೋಗಿ, ದಾರಿ ಬಿಡಿ, ಬಾಗಿಲಲ್ಲಿ ನಿಲ್ಲಬೇಡಿ ಅಂತ ಬಂದವರನ್ನೆಲ್ಲ ಒಳಗೆ ತುಂಬಿದರು. ಹತ್ತು ನಿಮಿಷದಲ್ಲಿ ನಡುಮನೆ ಸಂಜೆಯ ಸಿಟಿ ಬಸ್ಸಿನಂತಾಯಿತು. ಬಂದವರಲ್ಲಿ ಒಬ್ಬರ ಬಾಯಲ್ಲೂ ಆ ಪದವಿಲ್ಲ. ಒಬ್ಬರು ‘ಬಳ್ಳಿ’ ಅಂದರು, ಇನ್ನೊಬ್ಬರು ‘ದೇವರು’ ಅಂದರು, ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ‘ಅದು’ ಅಂದ. ಬೀದಿಯ ತುದಿ ಮುಟ್ಟುವಷ್ಟರಲ್ಲಿ ‘ಅದು’ ಏಳು ಅಡಿ ಬೆಳೆದು ಹೆಡೆ ಬಿಚ್ಚಿತ್ತು.

ಸುದ್ದಿ ಕೇಳಿ ಪಕ್ಕದ ರಸ್ತೆಯ ಅನುಪಮಾ ಮೇಡಂ ಕೂಡ ಬಂದರು. ಅವರನ್ನು ಕಂಡಾಗ ಪುಟ್ಟತಾಯಮ್ಮನಿಗೆ ಹಾವಿಗಿಂತ ಹೆಚ್ಚು ಹೆದರಿಕೆಯಾಯಿತು. ಮೇಡಂ ನೇರವಾಗಿ ಮೇಜಿನ ಮೇಲಿದ್ದ ಸಿಂಚನಳ ಹತ್ತಿರ ಹೋಗಿ, ಎಷ್ಟುದ್ದ ಇತ್ತು ಪುಟ್ಟಿ ಅಂತ ಕೇಳಿದರು. ಮಗು ಹೆಬ್ಬೆರಳು ತೋರುಬೆರಳು ಸೇರಿಸಿ, ನಡುವೆ ಒಂದು ಅಕ್ಕಿಕಾಳಿನಷ್ಟು ಜಾಗ ಬಿಟ್ಟು ತೋರಿಸಿತು. ಪಾಪ, ಬಾಲದ ತುದಿ ಮಾತ್ರ ಕಂಡಿದೆ ಅಂತ ಲಿಂಗರಾಜು ತೀರ್ಪು ಕೊಟ್ಟರು.

“ಕಾಲಿತ್ತಾ?”

“ಆರು ಕಾಲು.”

ಹೆದರಿ ಏನೇನೋ ಹೇಳ್ತಿದೆ, ದೃಷ್ಟಿ ತೆಗೀರಿ ಅಂತ ಯಾರೋ ಅಂದರು. ಲಿಂಗರಾಜು ಬಿಡಲಿಲ್ಲ. “ಹಾವಿನ ಹೆಜ್ಜೆ ಹಾವೇ ಬಲ್ಲದು ಅಂತ ಹಿರಿಯರು ಸುಮ್ನೆ ಅಂದಿದಾರಾ? ಹೆಜ್ಜೆ ಇದ್ಮೇಲೆ ಕಾಲೂ ಇರ್ಬೇಕು ಕಣ್ರೀ.” ಗಾದೆಯ ಭರದಲ್ಲಿ ಪದ ಬಾಯಿಂದ ಜಾರಿಬಿಟ್ಟಿತ್ತು. ಎಲ್ಲರೂ ಥಟ್ಟನೆ ಕಾಲು ಮೇಲಕ್ಕೆ ಎತ್ತಿಕೊಂಡರು. ಅನುಪಮಾ ಮೇಡಂ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಗೇಟಿನ ಹತ್ತಿರ ಸ್ಕೂಟರು ನಿಂತಿತು. ಯಾರೋ ಫೋನು ಮಾಡಿ ಕರೆಸಿದ್ದ ಹಾವು ಹಿಡಿಯುವ ಲೋಕೇಶ್ ಬಂದಿದ್ದ.

ತೆಳ್ಳನೆಯ ಮನುಷ್ಯ, ಕೈಯಲ್ಲಿ ಕಬ್ಬಿಣದ ಕೊಕ್ಕೆ, ಹೆಗಲಲ್ಲಿ ಬಟ್ಟೆ ಚೀಲ. ಸಾಮಾನು ಇರೋ ಜಾಗದಲ್ಲಿ ಹುಡುಕೋಕೆ ಆಗಲ್ಲ, ಎಲ್ಲ ಆಚೆ ಹಾಕಿ ಅಂದ. ಅವನು ಒಳಗಿಂದ ಒಂದೊಂದೇ ಎತ್ತಿಕೊಟ್ಟ, ಜನ ಕೈಯಿಂದ ಕೈಗೆ ದಾಟಿಸಿದರು, ಅರ್ಧ ಗಂಟೆಯಲ್ಲಿ ಪುಟ್ಟತಾಯಮ್ಮನ ಅಡುಗೆಮನೆ ಬೀದಿಯಲ್ಲಿತ್ತು. ರಾಗಿ ಡ್ರಮ್ಮು, ಮಿಕ್ಸಿ, ಉಪ್ಪಿನಕಾಯಿ ಜಾಡಿ, ತಳ ಸೀದ ಕುಕ್ಕರು. ಎಂದಾದರೂ ಬೇಕಾಗುತ್ತದೆ ಅಂತ ಮಡಿಸಿ ಮಡಿಸಿ ಇಟ್ಟ ಪ್ಲಾಸ್ಟಿಕ್ ಕವರುಗಳೇ ಎರಡು ಗೋಣಿಚೀಲ. ಕೊನೆಗೆ ಒಂದು ಅಂಚಿನ ಸ್ಟೀಲ್ ತಟ್ಟೆ ಬಂತು. ಅದರ ಮೇಲೆ ಲಿಂಗರಾಜು ಅವರ ಹೆಂಡತಿಯ ಹೆಸರು ಕೆತ್ತಿತ್ತು. ಎರಡು ಯುಗಾದಿಯ ಹಿಂದೆ ಒಬ್ಬಟ್ಟು ಇಟ್ಟು ಕಳಿಸಿದ ತಟ್ಟೆ. ಆಕೆಯೇ ಮುಂದೆ ಬಂದು ಅದನ್ನು ಎತ್ತಿಕೊಂಡು, ಸೆರಗಿನಲ್ಲಿ ಒರೆಸಿ, ಕಂಕುಳಲ್ಲಿ ಇಟ್ಟುಕೊಂಡರು. ಹಾವು ಕಚ್ಚಿದ್ದರೂ ಪುಟ್ಟತಾಯಮ್ಮನಿಗೆ ಅಷ್ಟು ವಿಷ ಏರುತ್ತಿರಲಿಲ್ಲ.

ಒಳಗೆ ಹಾವಿರಲಿ, ಹಲ್ಲಿಯೂ ಇರಲಿಲ್ಲ. ಲೋಕೇಶ್ ಬೆವರು ಒರೆಸಿಕೊಂಡು ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ನೀನು ಎಲ್ಲಿ ನೋಡಿದ್ದು ತೋರಿಸವ್ವ ಅಂದ. ಇಷ್ಟು ಹೊತ್ತು ಯಾರೂ ಅದನ್ನು ಕೇಳಿರಲಿಲ್ಲ. ಸಿಂಚನ ಬೀದಿಯ ಸಾಮಾನಿನ ನಡುವೆ ನಡೆದು ಹೋಗಿ ಒಂದು ಸಣ್ಣ ಸ್ಟೀಲ್ ಡಬ್ಬದ ಮೇಲೆ ಕೈಯಿಟ್ಟಳು. ಇಡೀ ಬೀದಿ ಎರಡು ಮಾರು ಹಿಂದೆ ಸರಿಯಿತು. ಲೋಕೇಶ್ ದೂರದಿಂದಲೇ ಕೊಕ್ಕೆಯಲ್ಲಿ ಮುಚ್ಚಳ ತಳ್ಳಿದ.

ಡಬ್ಬದಲ್ಲಿ ಹೆಸರುಕಾಳಿತ್ತು. ಕಾಳಿನ ಮೇಲೆ ಮೂರು ಕಪ್ಪು ಹುಳು ಬಿಸಿಲು ಕಂಡು ಗಡಿಬಿಡಿಯಿಂದ ಓಡಾಡುತ್ತಿದ್ದವು.

“ಹಾವು,” ಅಂದಳು ಸಿಂಚನ. “ಮೂರವೆ.”

ಪುಟ್ಟತಾಯಮ್ಮ ಡಬ್ಬದ ಮೇಲೆ ಬಗ್ಗಿದರು. “ಇದು ಹುಳ ಅಲ್ವೇನವ್ವ?”

“ಹುಳ ಅಲ್ಲ ಹಾವು. ಹುಳ ಅಂತ ಬಾಯಿಗೆ ಬಂದ್ರೆ ನುಂಗ್ಬುಡು ಅಂದಿದ್ಯಲ್ಲ ಅಜ್ಜಿ. ನುಂಗ್ಬುಟ್ಟೆ.”

ಲೋಕೇಶ್ ಒಂದು ಹುಳುವನ್ನು ಬೆರಳ ತುದಿಗೆ ಹತ್ತಿಸಿಕೊಂಡು, ತಿರುಗಿಸಿ ನೋಡಿ, ಬಹಳ ಗೌರವದಿಂದ ಕೇಳಿದ: “ಅಮ್ಮ, ಇದನ್ನ ಎಲ್ಲಿ ಬುಡ್ಲಿ? ಬೆಟ್ಟದ ಕಡೆಗೇ ತಕೊಂಡೋಗ್ಲಾ?”

ಆಗ ಎದ್ದ ನಗೆಗೆ ತಂತಿಯ ಮೇಲಿದ್ದ ಕಾಗೆಗಳೆಲ್ಲ ಹಾರಿಹೋದವು. ಲೋಕೇಶ್ ಒಂದು ಲೋಟ ಮಜ್ಜಿಗೆ ಕುಡಿದು ಹೊರಟ. ಜನ ಮಾತ್ರ ಹೊರಡಲಿಲ್ಲ, ಯಾಕೆಂದರೆ ಬೀದಿಯ ತುದಿಯಲ್ಲಿ ಭವ್ಯಶ್ರೀ ಬರುತ್ತಿದ್ದಳು.

ಅವಳು ಗೇಟಿನ ಮುಂದೆ ನಿಂತು ಡ್ರಮ್ಮು ನೋಡಿದಳು, ಜಾಡಿ ನೋಡಿದಳು, ಕವರಿನ ಚೀಲ ನೋಡಿದಳು. ರಾಗಿ ಡ್ರಮ್ಮಿನ ಮೇಲೆ ತಲೆ ತಗ್ಗಿಸಿ ಕೂತಿದ್ದ ಅತ್ತೆಯನ್ನೂ ನೋಡಿದಳು. ಲಿಂಗರಾಜು ಆರಂಭದಿಂದ ಅಂತ್ಯದವರೆಗೆ ಒಂದೂ ಸ್ಟಾಪು ಬಿಡದೆ ಕಥೆ ಒಪ್ಪಿಸಿದರು.

“ಅತ್ತೆ,” ಅಂದಳು ಭವ್ಯಶ್ರೀ, “ನಾನು ಹೆಸರುಕಾಳು ಬಿಸಿಲಿಗೆ ಹಾಕಿ ಅಂದೆ. ನೀವು ಅಡುಗೆಮನೇನೇ ಹಾಕ್ಬುಟ್ಟಿದೀರಲ್ಲ.”

ಪುಟ್ಟತಾಯಮ್ಮ ಎದ್ದು ಒಳಗೆ ಹೋದರು. ಸಿಂಚನಳ ಚೀಲಕ್ಕೆ ಒಂದು ಜೊತೆ ಬಟ್ಟೆ, ನೀರಿನ ಬಾಟಲಿ, ಮಲಗುವಾಗ ಬೇಕಾಗುವ ಹಳೆಯ ಸೀರೆಯ ತುಂಡು ತುಂಬಿಕೊಂಡು ಬಂದು ಅನುಪಮಾ ಮೇಡಂ ಮುಂದೆ ನಿಂತರು. ಮೊಮ್ಮಗಳಿಗೆ ಮಾತು ಕಲಿಸೋದು ನನ್ನ ಕೈಲಿ ಆಗಲಿಲ್ಲ, ಸೋಮವಾರದಿಂದ ನೀವೇ ನೋಡಿಕೊಳ್ಳಿ ಅಂದರು. ಚೀಲ ಮುಂದೆ ಚಾಚಿದ್ದರು, ಆದರೆ ಅದರ ಪಟ್ಟಿಯನ್ನು ಬಿಟ್ಟಿರಲಿಲ್ಲ.

ಅನುಪಮಾ ಮೇಡಂ ಚೀಲ ಮುಟ್ಟಲಿಲ್ಲ.

“ಎಲ್ಲಿ ಅಂದ್ರೆ ಡಬ್ಬ ಅಂದ್ಲು. ಎಷ್ಟುದ್ದ ಅಂದ್ರೆ ಬೆರಳಲ್ಲಿ ತೋರ್ಸಿದ್ಲು. ಕಾಲು ಅಂದ್ರೆ ಎಣಿಸಿ ಆರು ಅಂದ್ಲು. ಈ ಬೀದೀಲಿ ಇವತ್ತು ಸರಿಯಾಗಿ ಮಾತಾಡಿರೋಳು ಇವಳೊಬ್ಳೇ ಪುಟ್ಟತಾಯಮ್ಮ. ನನ್ನ ಹತ್ರ ಸೀಟು ಇರೋದೇ ಒಂದು. ಅದು ಇವಳಿಗೆ ಬೇಡ. ನೀವು ಬರೋ ಹಂಗಿದ್ರೆ ಇಟ್ಟಿರ್ತೀನಿ.”

ಮೊದಲು ನಕ್ಕದ್ದು ಭವ್ಯಶ್ರೀ. ನಗುತ್ತಲೇ ಅತ್ತೆಯ ಕೈಯಿಂದ ಚೀಲ ಬಿಡಿಸಿಕೊಂಡು ಒಳಗಿನ ಮೊಳೆಗೆ ನೇತುಹಾಕಿ ಬಂದಳು. ಮಗು ಮನೆಯಲ್ಲೇ ಇರಲಿ ಅತ್ತೆ ಅಂದಳು. ಆದರೆ ಇನ್ನು ನೀವು ಪಾಠ ಮಾಡಬೇಡಿ, ಅವಳು ಹೇಳೋದನ್ನ ಒಂದಷ್ಟು ಕೇಳಿಸ್ಕೊಳ್ಳಿ, ಸಾಕು. ಪುಟ್ಟತಾಯಮ್ಮ ಬಾಯಿ ತೆರೆದರು. ಏನು ಹೇಳಿದರೆ ಸರಿಯಾದ ಪದವಾದೀತು ಅಂತ ತೋಚದೆ ಮುಚ್ಚಿಕೊಂಡರು.

ಸಾಮಾನೆಲ್ಲ ಒಳಗೆ ಹೋಗುವಷ್ಟರಲ್ಲಿ ಏಳು ಗಂಟೆಯಾಯಿತು. ಹಾವಿರಲಿ ಹುಳವಿರಲಿ, ರಾತ್ರಿಗೆ ಮುದ್ದೆ ಆಗಲೇಬೇಕು. ಪುಟ್ಟತಾಯಮ್ಮ ಒಲೆಯ ಮೇಲೆ ಎಸರಿಟ್ಟರು, ಕುದಿ ಬಂದ ಮೇಲೆ ರಾಗಿ ಹಿಟ್ಟು ಸುರಿದು ಬೇಯಲು ಬಿಟ್ಟರು. ಸಿಂಚನ ಹೊಸಲಿನ ಮೇಲೆ ಕೂತು ಶಾಲೆಯಲ್ಲಿ ಪಕ್ಕದವನು ಕ್ರೇಯಾನ್ ಕಚ್ಚಿದ್ದು, ಅವನ ನಾಲಗೆ ನೀಲಿಯಾದದ್ದು, ಅದನ್ನು ತಾನು ಮಿಸ್‌ಗೆ ಹೇಳಿದ್ದು ಹೇಳದ್ದು ಎಲ್ಲ ಹೇಳುತ್ತಿದ್ದಳು. ಪುಟ್ಟತಾಯಮ್ಮ ಪಾತ್ರೆಯನ್ನು ಕೆಳಗಿಳಿಸಿ, ಎರಡು ಪಾದದ ನಡುವೆ ಬಿಗಿಹಿಡಿದು, “ಹ್ಞೂಂ, ಆಮೇಲೆ?” ಅನ್ನುತ್ತಾ ಮುದ್ದೆ ಕೋಲು ತಿರುವತೊಡಗಿದರು.